ಸಂತೆಯಲ್ಲಿ ನಿದ್ದೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಮಕ್ಕಳಿಗೆ ಎಷ್ಟೋ ಸಲ ಕೊಟ್ಟಿದ್ದೇನೆ. ಗಾದೆಯೇನೋ ಚೆನ್ನಾಗಿದೆ. ಆದರೆ ತಿರುಗಿಸಿ ನೋಡಿದರೆ, ನಿದ್ದೆ ಬಾರದವಳಿಗೆ ಮನೆಯಲ್ಲಿ ಏನೋ ಚಿಂತೆ ಇರಬೇಕು ಎಂದಾಗುತ್ತದೆ. ಹೀಗಿರುವಾಗ ಯಾವ ಸೊಸೆ ತಾನೇ ‘ರಾತ್ರಿ ನಿದ್ದೆ ಬರಲಿಲ್ಲ’ ಎಂದಾಳು? ಎಂದರೂ ನೆತ್ತಿಗೆ ಹರಳೆಣ್ಣೆ, ಕುಡಿಯಲು ಗಸಗಸೆ ಪಾಯಸ. ಡಾಕ್ಟರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಎತ್ತದಿರಲು ಕಾರಣವಿತ್ತು. ಬೆಂಗಳೂರಿನ ಹುಚ್ಚಾಸ್ಪತ್ರೆ ಹತ್ತೊಂಬತ್ತನೆಯ ಶತಮಾನದ್ದು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಮದುವೆಗೆ ಬಂದ ಹೆಣ್ಣಿದ್ದ ಮನೆಯವರು ಆ ಗೇಟು ದಾಟುವುದುಂಟೆ? ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಂದಲೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಿಸಿದರು. ಅದನ್ನೇ ನೋಡಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜ್ವರದವರ ಸಾಲಿನಲ್ಲೇ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ! ನನಗೆ ಇದು ಬಹಳ ದೊಡ್ಡ ಕೆಲಸವೆನಿಸುತ್ತದೆ.

ಇನ್ನೊಂದು ಅಂಜಿಕೆ ಮಾತ್ರೆಯದು. ಅದು ಪೂರ್ತಿ ಸುಳ್ಳಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯಿಂದ ಬಂದ ವೆರೋನಾಲ್ ಚಟವಾಗುತ್ತಿತ್ತು, ಹೆಚ್ಚಾದರೆ ಪ್ರಾಣವನ್ನೇ ತೆಗೆಯುತ್ತಿತ್ತು. 1963ರಲ್ಲಿ ಬಂದ ವೇಲಿಯಂ ಅಷ್ಟು ಅಪಾಯದ್ದಲ್ಲ ಎಂದರು, ಅದೂ ಅಭ್ಯಾಸವಾಗುತ್ತದೆಂದು ಆಮೇಲೆ ತಿಳಿಯಿತು. 2016ರಲ್ಲಿ ಅಮೆರಿಕದ ವೈದ್ಯರ ಸಂಘವೇ, ಬಹುಕಾಲದ ನಿದ್ರಾಹೀನತೆಗೆ ಮೊದಲು ಮಾತ್ರೆ ಬೇಡ, ಮಲಗುವ ರೂಢಿಯನ್ನೂ ನಿದ್ದೆಯ ಬಗೆಗಿನ ಯೋಚನೆಯನ್ನೂ ತಿದ್ದುವ ಚಿಕಿತ್ಸೆ ಸಾಕು ಎಂದಿತು. ಈ ಸುದ್ದಿ ನಮ್ಮ ಬೀದಿಗಳನ್ನು ಇನ್ನೂ ತಲುಪಿಲ್ಲ.

ಗೊರಕೆಯದು ಬೇರೆಯೇ ಕತೆ. ಗೊರಕೆ ಎಂದರೆ ಗಾಢ ನಿದ್ದೆ ಎಂದೇ ತಿಳಿದವರು ನಾವು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮೂಲಕ ಗಾಳಿ ಒತ್ತುವ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಪಕ್ಕದ ಮನೆಯಾಕೆ ಹತ್ತು ವರ್ಷ ಹಾಲಿನಲ್ಲಿ ಚಾಪೆ ಹಾಸಿ ಮಲಗಿದರು. ಯಜಮಾನರು ಸ್ಕೂಟರಿನ ಮೇಲೇ ತೂಕಡಿಸಿ ಬಿದ್ದ ಮೇಲೆ, ಹಟ ಹಿಡಿದು ಪರೀಕ್ಷೆ ಮಾಡಿಸಿದವರು ಅವರೇ. ಈಗ ಅವರ ಯಜಮಾನರು ಯಂತ್ರ ಹಾಕಿಕೊಂಡು ಸದ್ದಿಲ್ಲದೆ ಮಲಗುತ್ತಾರೆ.

ಆಕೆಗೆ ಮಾತ್ರ ಮುಟ್ಟು ನಿಂತಂದಿನಿಂದ ಎರಡು ಗಂಟೆಗೇ ಎಚ್ಚರ. ಡಾಕ್ಟರಿಗೆ ಹೇಳಿದಿರಾ ಎಂದು ಕೇಳಿದೆ.

“ಅಯ್ಯೋ, ಇದಕ್ಕೆಲ್ಲ ಯಾರಾದರೂ ಹೋಗ್ತಾರೇನ್ರೀ ಟೀಚರ್? ಎದ್ದು ಬೇಳೆ ಆರಿಸ್ತಾ ಕೂತ್ಕೋತೀನಿ.”