ಅಪ್ಪನ ಹಸಿರು ಟವೆಲ್ಲು ಮತ್ತು ಹದಿನೇಳು ಜನರ ಕಣ್ಣು

ಹೋದ ತಿಂಗಳು ಮನೆಗೆ ಹೊಸ ಮಾನಿಟರ್ ತಂದೆ. ಇಪ್ಪತ್ತೇಳು ಇಂಚಿಂದು. ಲ್ಯಾಪ್‌ಟಾಪ್ ಪರದೆಗೆ ಬಗ್ಗಿ ಬಗ್ಗಿ ಕತ್ತು ಹಿಡ್ಕೊಂಡಿತ್ತು, ಇನ್ನು ಆಗಲ್ಲ ಅಂತ ತಗೊಂಡಿದ್ದು. ಕೇಬಲ್ ಸಿಕ್ಕಿಸಿ ಆನ್ ಮಾಡಿದ ಮೇಲೆ ಮೊದಲು ತೆರೆದದ್ದು ಕೋಡ್ ಅಲ್ಲ, ಅಪ್ಪನ ಫೋಟೋ. ಅಪ್ಪ ಹೋಗಿ ಒಂದು ವರ್ಷ ಆಗ್ತಾ ಬಂತು. ವರ್ಷದ ತಿಥಿಯ ಹೊತ್ತಿಗೆ ದೊಡ್ಡದೊಂದು ಫೋಟೋ ಮಾಡಿಸಿ ಊರಿನ ಮನೆ ಹಜಾರದಲ್ಲಿ ಹಾಕ್ಬೇಕು ಅಂತ ಅಮ್ಮನ ಆಸೆ. ತೊಂಬತ್ತರ ದಶಕದ ಒಂದು ಪ್ರಿಂಟನ್ನು ಆಲ್ಬಮ್ಮಿನಿಂದ ತೆಗೆದು ಸ್ಕ್ಯಾನ್ ಮಾಡಿಸಿಟ್ಟಿದ್ದೆ. ಹಿಂದೆ ತೆಂಗಿನ ತೋಟ. ಬಿಳಿ ಅಂಗಿ. ಹೆಗಲ ಮೇಲೆ ರೈತಸಂಘದ ಹಸಿರು ಟವೆಲ್ಲು.

ನಮ್ಮನೆಗೆ ಬಂದಿದ್ದ ಅಮ್ಮ ಕುರ್ಚಿ ಹಿಂದೆ ನಿಂತು ನೋಡಿದಳು. "ಇದೇನ್ಲಾ, ಟವೆಲ್ಲು ಪ್ಲಾಸ್ಟಿಕ್ ಬಿಂದಿಗೆ ಬಣ್ಣ ಬಂದೈತಲ್ಲ. ಮಖ ನೋಡು, ಜ್ವರ ಬಂದೋರಂಗೆ ಕೆಂಪಗೆ!"

ಅದೇ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಬೇರೆ ಹಸಿರು. ಫೋನಿನಲ್ಲಿ ನೋಡಿದರೆ ಮೂರನೇ ಹಸಿರು. ಹಾಗಾದ್ರೆ ಸರಿಯಾದ ಹಸಿರು ಯಾವುದು? ಅದನ್ನು ಹೇಳೋರು ಯಾರು? ಈ ಪ್ರಶ್ನೆ ಹಿಡ್ಕೊಂಡು ಹೊರಟರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ.

1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಒಂದೇ ಬಗೆಯ ಪ್ರಯೋಗ ಮಾಡುತ್ತಿದ್ದರು. ಒಬ್ಬರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡೇವಿಡ್ ರೈಟ್, ಇನ್ನೊಬ್ಬರು ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಜಾನ್ ಗಿಲ್ಡ್. ಪ್ರಯೋಗ ಸರಳ. ಕಣ್ಣೆದುರು ಒಂದು ಸಣ್ಣ ಕಿಂಡಿ. ಅದರ ಅರ್ಧಭಾಗದಲ್ಲಿ ಒಂದು ಬಣ್ಣದ ಬೆಳಕು. ಇನ್ನರ್ಧದಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಎರಡು ಭಾಗಗಳ ನಡುವಿನ ಗೆರೆ ಕಾಣದ ಹಾಗೆ ಆಗುವವರೆಗೆ ಆ ಮೂರನ್ನೂ ಹೆಚ್ಚುಕಮ್ಮಿ ಮಾಡಬೇಕು. ಆಮೇಲೆ ಮೂರರ ಅಳತೆ ಬರ್ಕೊಳ್ಳೋದು, ಮುಂದಿನ ಬಣ್ಣಕ್ಕೆ ಹೋಗೋದು.

ಕೆಲವು ಬಣ್ಣಗಳು ಏನು ಮಾಡಿದರೂ ಹೊಂದಲಿಲ್ಲ. ಆಗ ಮೂರರಲ್ಲಿ ಒಂದು ಬೆಳಕನ್ನು ಆಚೆ ಬದಿಗೆ ಸೇರಿಸಿ, ಲೆಕ್ಕದಲ್ಲಿ ಅದನ್ನು ಮೈನಸ್ ಅಂತ ಬರೆದರು. ಮೂರು ಬೆಳಕು ಬೆರೆಸಿ ಜಗತ್ತಿನ ಎಲ್ಲ ಬಣ್ಣ ತರೋಕೆ ಆಗಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು. ನಮ್ಮ ಮಾನಿಟರ್‌ಗಳು ಇವತ್ತಿಗೂ ಅದೇ ಮೂರು ಬೆಳಕಿನ ಮೇಲೆ ನಡೀತಿವೆ.

ರೈಟ್ ಅವರ ಪ್ರಯೋಗದಲ್ಲಿ ನೋಡಿದವರು ಹತ್ತು ಜನ, ಗಿಲ್ಡ್ ಅವರಲ್ಲಿ ಏಳು ಜನ. ಎರಡರ ಫಲಿತಾಂಶವೂ ತಾಳೆಯಾಯಿತು. 1931ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸೇರಿದ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕು ಆಯೋಗ ಈ ಹದಿನೇಳು ಜನರ ಕಣ್ಣಿನ ಸರಾಸರಿ ತೆಗೆದು ಅದಕ್ಕೆ ಸ್ಟ್ಯಾಂಡರ್ಡ್ ಅಬ್ಸರ್ವರ್ ಅಂತ ಹೆಸರಿಟ್ಟಿತು. ಬಣ್ಣಕ್ಕೆ ಮೊದಲ ಸಲ ಇಡೀ ಜಗತ್ತು ಒಪ್ಪುವ ನಂಬರ್ ಸಿಕ್ಕಿತು. ನಿಮ್ಮ ಫೋನು, ಟಿವಿ, ಮಾನಿಟರ್ ಎಲ್ಲದರ ಬಣ್ಣದ ಲೆಕ್ಕದ ಬುಡದಲ್ಲಿ ಇರೋದು ಅಂದು ಆ ಕಿಂಡಿಯಲ್ಲಿ ಇಣುಕಿದ ಹದಿನೇಳು ಜೊತೆ ಕಣ್ಣು.

ನಂಬರ್ ಸಿಕ್ಕಿತು ಅಂದ್ರೆ ಮನೆಮನೆಗೆ ಬಣ್ಣ ಸರಿಯಾಗಿ ತಲುಪಿತು ಅಂತಲ್ಲ. 1953ರಲ್ಲಿ ಅಮೆರಿಕ ಕಲರ್ ಟಿವಿಗೆ ಎನ್‌ಟಿಎಸ್‌ಸಿ ಎಂಬ ಪದ್ಧತಿಯನ್ನು ಒಪ್ಪಿತು. ದಾರಿಯಲ್ಲಿ ಸಿಗ್ನಲ್ ಸ್ವಲ್ಪ ಹಿಂದುಮುಂದಾದರೂ ಮುಖದ ಬಣ್ಣ ಹಸಿರಿಗೋ ನೇರಳೆಗೋ ತಿರುಗುತ್ತಿತ್ತು. ಅದಕ್ಕೇ ಅಲ್ಲಿನ ಟಿವಿಗಳಲ್ಲಿ ಟಿಂಟ್ ಅಂತ ಒಂದು ತಿರುಗಣೆ. ಇಂಜಿನಿಯರ್‌ಗಳೇ ಎನ್‌ಟಿಎಸ್‌ಸಿ ಅಂದ್ರೆ 'ನೆವರ್ ಟ್ವೈಸ್ ದಿ ಸೇಮ್ ಕಲರ್' ಅಂತ ಗೇಲಿ ಮಾಡುತ್ತಿದ್ದರು. ಜರ್ಮನಿಯ ಟೆಲಿಫುಂಕನ್ ಕಂಪನಿಯಲ್ಲಿದ್ದ ವಾಲ್ಟರ್ ಬ್ರೂಕ್ 1963ರ ಆರಂಭದಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. ಅದೇ ಪಾಲ್ ಪದ್ಧತಿ. ಒಂದು ಗೆರೆ ಬಿಟ್ಟು ಒಂದು ಗೆರೆಗೆ ಬಣ್ಣದ ಸಿಗ್ನಲ್ಲಿನ ಒಂದು ಭಾಗವನ್ನು ತಿರುಗುಮುರುಗು ಮಾಡಿ ಕಳಿಸೋದು. ಒಂದು ಗೆರೆಯಲ್ಲಿ ಆದ ತಪ್ಪು ಮುಂದಿನ ಗೆರೆಯ ತಪ್ಪಿನ ಜೊತೆ ವಜಾ ಆಗಿಬಿಡುತ್ತೆ.

ಭಾರತ ಆರಿಸಿಕೊಂಡದ್ದು ಪಾಲ್. 1982ರ ಆಗಸ್ಟ್ 15ರಂದು ದೂರದರ್ಶನಕ್ಕೆ ಬಣ್ಣ ಬಂತು. ಅದೇ ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್. ನಮ್ಮೂರಿಗೆ ಆ ಬಣ್ಣ ತಲುಪೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು ಬಿಡಿ. ನಮ್ಮನೆಗೆ ಕಲರ್ ಟಿವಿ ಬಂದಾಗ ಅದನ್ನು ಮುಟ್ಟೋ ಹಕ್ಕು ಅಪ್ಪನಿಗೆ ಮಾತ್ರ ಇತ್ತು. ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್. ಅಷ್ಟೇ, ಟಿಂಟ್ ಇರಲಿಲ್ಲ. ಅಪ್ಪ ಕಲರನ್ನು ಪೂರ್ತಿ ಏರಿಸಿ, "ದುಡ್ಡು ಕೊಟ್ಟಿರೋದು ಬಣ್ಣಕ್ಕೆ ತಾನೇ?" ಅನ್ನೋರು. ಟಿಂಟ್ ಯಾಕಿರಲಿಲ್ಲ ಅಂತ ನನಗೆ ಅರ್ಥ ಆಗಿದ್ದು ಬಿಇಯಲ್ಲಿ ಟೆಲಿವಿಷನ್ ಪಾಠ ಓದುವಾಗ.

ಕಂಪ್ಯೂಟರಿನ ಕಥೆ ಇನ್ನೂ ಇತ್ತೀಚಿನದು. ಇಂಟರ್ನೆಟ್ ಬಂದ ಮೇಲೆ ಒಬ್ಬ ಹಾಕಿದ ಚಿತ್ರ ಇನ್ನೊಬ್ಬನ ಪರದೆಯಲ್ಲಿ ಹೇಗೆ ಕಾಣುತ್ತೆ ಅನ್ನೋದಕ್ಕೆ ಗ್ಯಾರಂಟಿ ಇರಲಿಲ್ಲ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಅಂತ ಒಂದು ಒಪ್ಪಂದದ ಬಣ್ಣಲೋಕ ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಅಂದಿನ ಡಬ್ಬದಂಥ ಸಿಆರ್‌ಟಿ ಮಾನಿಟರ್ ಏನು ತೋರಿಸಬಲ್ಲದೋ ಅದನ್ನೇ ಅಳತೆಯಾಗಿ ಇಟ್ಟುಕೊಂಡರು. 1931ರ ನಕ್ಷೆಯಲ್ಲಿ ಹಾಕಿ ನೋಡಿದರೆ ಎಸ್‌ಆರ್‌ಜಿಬಿ ಹಿಡಿಯೋದು ಸುಮಾರು ಮೂರನೇ ಒಂದು ಭಾಗ ಮಾತ್ರ.

ನನ್ನ ತೊಂದರೆ ಇದ್ದದ್ದೂ ಇಲ್ಲೇ. ಹೊಸ ಮಾನಿಟರ್ ಅದಕ್ಕಿಂತ ಹೆಚ್ಚು ಬಣ್ಣ ತೋರಿಸಬಲ್ಲದು. ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಬರೆದಿಟ್ಟ 'ಇಷ್ಟು ಹಸಿರು' ಎಂಬ ನಂಬರನ್ನು ಅದು ತನ್ನ ದೊಡ್ಡ ಅಳತೆಗೆ ಹಿಗ್ಗಿಸಿ ತೋರಿಸುತ್ತಿತ್ತು. ನಮ್ಮೂರ ಸೇರಲ್ಲಿ ಅಳೆದು ಹೇಳಿದ ಲೆಕ್ಕಕ್ಕೆ ಪಕ್ಕದೂರಲ್ಲಿ ದೊಡ್ಡ ಸೇರಲ್ಲಿ ಅಳೆದು ಕೊಟ್ಟ ಹಾಗೆ. ಜೊತೆಗೆ ಮೋಡ್ ಬೇರೆ ವಿವಿಡ್ ಅಂತಿತ್ತು, ಅಂಗಡಿ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯೋಕೆ. ಬಣ್ಣದ ತಾಪಮಾನ ಕೂಲ್‌ನಲ್ಲಿತ್ತು. ಕುಲುಮೆಯಲ್ಲಿ ಕಬ್ಬಿಣ ಕಾಯೋದು ನೋಡಿದ್ರೆ ಗೊತ್ತಿರುತ್ತೆ: ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಅದನ್ನೂ ಮೀರಿ ಕಾದದ್ದು, ಕೆಲವು ನಕ್ಷತ್ರಗಳ ಹಾಗೆ, ನೀಲಿಗೆ ತಿರುಗುತ್ತೆ. ಹಾಗಾಗಿ ಮೆನುವಿನಲ್ಲಿ ಕೂಲ್ ಅಂತಿರೋದು ನಿಜಕ್ಕೂ ಹೆಚ್ಚು ಕಾದ ಬೆಳಕಿನ ಬಣ್ಣ! ಎಸ್‌ಆರ್‌ಜಿಬಿ ಹೇಳುವ ಬಿಳಿ ಸುಮಾರು 6500 ಕೆಲ್ವಿನ್, ಅಂದ್ರೆ ಹಗಲ ಬೆಳಕಿಗೆ ಹತ್ತಿರದ್ದು.

ಮೋಡ್ ಅನ್ನು ಎಸ್‌ಆರ್‌ಜಿಬಿಗೆ ಬದಲಾಯಿಸಿದೆ. ತಾಪಮಾನ ತಾನೇ ಸರಿಹೋಯ್ತು. ಬ್ರೈಟ್‌ನೆಸ್ಸನ್ನು ಪಕ್ಕದಲ್ಲಿಟ್ಟ ಬಿಳಿ ಹಾಳೆಗೆ ಹೊಂದೋವರೆಗೂ ಇಳಿಸಿದೆ. ಟವೆಲ್ಲು ಟವೆಲ್ಲಿನ ಹಾಗೆ ಕಂಡಿತು.

"ಟವೆಲ್ಲು ಸರಿಯಾಯ್ತು," ಅಂದಳು ಅಮ್ಮ. "ಆದ್ರೆ ನಿಮ್ಮಪ್ಪ ಯಾವತ್ತು ಇಷ್ಟು ಬೆಳ್ಳಗಿದ್ರು?"

ಇದಕ್ಕೆ ಮಾನಿಟರಿನಲ್ಲಿ ಬಟನ್ ಇಲ್ಲ. ಇದು ಪ್ರಿಂಟಿನಲ್ಲೇ ಕೂತಿದ್ದ ಬಿಳುಪು. ಫಿಲ್ಮ್ ಕಾಲದ ಲ್ಯಾಬುಗಳಲ್ಲಿ ಪ್ರಿಂಟಿನ ಬಣ್ಣ ಹೊಂದಿಸೋಕೆ ಕೊಡಾಕ್ ಕಂಪನಿ ಕಾರ್ಡುಗಳನ್ನು ಕೊಡುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರಾಯ್ತು. ಆಕೆಯ ಚರ್ಮ ಸರಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಕಪ್ಪು ಚರ್ಮದ ವಿವರ ಮುಳುಗಿಹೋಗುತ್ತೆ ಅನ್ನೋ ದೂರಿಗಿಂತ ಮೊದಲು ಕಂಪನಿಯ ಕಿವಿಗೆ ಬಿದ್ದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರು. ಬೇರೆಬೇರೆ ಮೈಬಣ್ಣದ ಹೆಂಗಸರು ಜೊತೆಗಿರುವ ಕಾರ್ಡು ಬಂದದ್ದು ತೊಂಬತ್ತರ ದಶಕದಲ್ಲಿ. ಅದರ ಮೇಲೆ ನಮ್ಮ ಕಡೆ ಸ್ಟುಡಿಯೋಗಳಲ್ಲಿ ಮುಖ ಬೆಳ್ಳಗೆ ಬರೋ ಹಾಗೆ ಪ್ರಿಂಟ್ ಹಾಕಿದ್ರೇ ಜನಕ್ಕೆ ಖುಷಿ ಅನ್ನೋದು ನಿಮಗೂ ಗೊತ್ತು. ಎಪ್ಪತ್ತು ವರ್ಷ ಬಿಸಿಲಲ್ಲಿ ಬೆಂದ ಅಪ್ಪ ಗೋಡೆ ಮೇಲೆ ಬೆಳ್ಳಗಾಗಿ ನಿಲ್ಲೋದು ನನಗೂ ಬೇಕಿರಲಿಲ್ಲ.

ಅಮ್ಮನಿಗೆ ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿದೆ. ಅವಳ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ನನಗಿಂತ ಚೆನ್ನಾಗಿ ಕಾಣುತ್ತೆ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮುಖವನ್ನಷ್ಟೇ ಆರಿಸಿ ನಾನು ಸ್ಲೈಡರ್ ಎಳೀತಾ ಹೋದೆ. "ಇನ್ನೊಂಚೂರು." "ಜಾಸ್ತಿ ಆಯ್ತು." "ಹಿಂದಕ್ಕೆ ಬಾ." ರೈಟ್ ಮತ್ತು ಗಿಲ್ಡ್ ಮಾಡಿಸಿದ್ದೂ ಇದನ್ನೇ ಅಲ್ವಾ? ವ್ಯತ್ಯಾಸ ಅಂದ್ರೆ, ಇಲ್ಲಿ ಹೋಲಿಸಬೇಕಾದ ಇನ್ನರ್ಧ ಕಿಂಡಿ ಅಮ್ಮನ ತಲೆಯೊಳಗಿತ್ತು. ಅರ್ಧ ಗಂಟೆ ಆದ ಮೇಲೆ ಒಂದು ಕಡೆ "ಹಾಂ, ನಿಲ್ಸು" ಅಂದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಫಿಗಿಡ್ತೀನಿ ಅಂತ ಒಳಗೆ ಹೋದಳು. ನಾನು ಸೇವ್ ಮಾಡಿದೆ.

ನಿಮ್ಮ ಮನೆಯಲ್ಲೂ ಹಳೇ ಫೋಟೋ ಸರಿಮಾಡಿಸೋ ಯೋಚನೆ ಇದ್ರೆ ಮೊದಲು ಮಾನಿಟರನ್ನು ಎಸ್‌ಆರ್‌ಜಿಬಿಗೆ ಹಾಕಿ. ಆಮೇಲೆ ಫೋಟೋದಲ್ಲಿರೋರನ್ನು ಕಣ್ಣಾರೆ ಕಂಡವರನ್ನು ಪಕ್ಕದಲ್ಲಿ ಕೂರಿಸ್ಕೊಳ್ಳಿ. ಮೊದಲನೆಯದನ್ನು ಯಾವಾಗ ಬೇಕಾದ್ರೂ ಮಾಡಬಹುದು. ಎರಡನೆಯದನ್ನು ಅವರು ಇದ್ದಾಗಲೇ ಮಾಡಬೇಕು.