ಕರುಳಿನ ಕಾವಲು

ಕೋಟೆಯ ಗೋಡೆ ಎಷ್ಟೇ ಭದ್ರವಾಗಿರಲಿ, ಧಾನ್ಯ ಒಳಬರಲು ಬಾಗಿಲು ಬೇಕು. ಬಾಗಿಲಿದ್ದಲ್ಲಿ ಕಾವಲೂ ಬೇಕು. ದೇಹಕ್ಕೆ ಚರ್ಮವು ಗೋಡೆಯಾದರೆ ಕರುಳು ಹೆಬ್ಬಾಗಿಲು. ಅದರ ಲೋಳೆಪೊರೆಯ ಮೇಲ್ಮೈಯಲ್ಲಿ ಜೀವಕೋಶಗಳ ಸಾಲು ಒಂದೇ ಒಂದು. ಅಷ್ಟು ತೆಳುವಾದ ಸಾಲು ರೋಗಾಣುಗಳನ್ನು ಹೇಗೆ ತಡೆಯುತ್ತದೆಂಬುದನ್ನು ಅರಿಯಲು ಸುಮಾರು ಮೂರು ಶತಮಾನಗಳು ಹಿಡಿದವು. ಆ ಚರಿತ್ರೆಯ ಒಂದು ಅಧ್ಯಾಯವು ನಮ್ಮ ತಾಳವಾಡಿ ಬೆಟ್ಟಗಳ ನೆರೆಯಲ್ಲಿಯೇ ನಡೆಯಿತು.

1677ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯನಾದ ಪೇಯರನು ಸಣ್ಣ ಕರುಳಿನಲ್ಲಿ ಅಲ್ಲಲ್ಲಿ ಇರುವ ಗಂಟುಗಳ ಗುಂಪುಗಳನ್ನು ವರ್ಣಿಸಿದನು. ಅವುಗಳ ನಿಜವಾದ ಕೆಲಸ ಅಂದು ತಿಳಿಯಲಿಲ್ಲ. 1888ರಲ್ಲಿ ಪಾನೆಟ್ ಎಂಬಾತನು ಕರುಳಿನ ಕುಳಿಗಳ ತಳದಲ್ಲಿರುವ ವಿಶೇಷ ಕೋಶಗಳನ್ನು ವಿವರಿಸಿದನು; ಅವು ರೋಗಾಣುಗಳನ್ನು ಕೊಲ್ಲುವ ದ್ರವ್ಯಗಳನ್ನು ಸ್ರವಿಸುತ್ತವೆಂಬುದು ಬಹುಕಾಲದ ಮೇಲೆ ಗೊತ್ತಾಯಿತು.

ಮೋಯಾರ್ ಕಣಿವೆಯ ಆಚೆ, ನೀಲಗಿರಿಯ ಕೂನೂರಿನಲ್ಲಿ, 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಅಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಆರೋಗ್ಯವಂತ ಕಪಿಗಳಿಗೆ ಜೀವಸತ್ತ್ವಗಳಿಲ್ಲದ ಆಹಾರವನ್ನು ಕೊಟ್ಟು ಪರೀಕ್ಷಿಸಿದರು. ಕಪಿಗಳಿಗೆ ಹಸಿವು ಕುಗ್ಗಿ ಭೇದಿ ಹತ್ತಿತು. ಲೋಳೆಪೊರೆ ಸವೆದು ಅಲ್ಲಲ್ಲಿ ರಕ್ತ ಒಸರಿತ್ತು. ಆಹಾರದ ಕೊರತೆಯೇ ರೋಗಾಣುವಿಗೆ ದಾರಿ ತೆರೆಯುತ್ತದೆಂಬುದು ಅವರು 1921ರಲ್ಲಿ ಪ್ರಕಟಿಸಿದ ಗ್ರಂಥದ ಸಾರ. ಅವರು ಕಟ್ಟಿ ಬೆಳೆಸಿದ ಪ್ರಯೋಗಶಾಲೆಯು 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ.

ಪೇಯರನ ಗಂಟುಗಳ ಗುಟ್ಟು ಬಿಚ್ಚಿಕೊಂಡದ್ದು ಇನ್ನೂ ತಡವಾಗಿ. 1974ರಲ್ಲಿ ಓವನ್ ಮತ್ತು ಜೋನ್ಸ್ ಎಂಬ ವಿಜ್ಞಾನಿಗಳು ಅವುಗಳನ್ನು ಹೊದ್ದಿರುವ ‘ಎಂ’ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. ಈ ಕೋಶಗಳು ಕರುಳಿನಲ್ಲಿ ಹಾಯುವ ರೋಗಾಣುಗಳನ್ನು ಹಿಡಿದು ಒಳಗಿನ ಬಿಳಿಯ ರಕ್ತಕಣಗಳಿಗೆ ಒಪ್ಪಿಸುತ್ತವೆ. ಆಗ ಪ್ರತಿಕಾಯಗಳು ಸಿದ್ಧವಾಗಿ, ಬಟ್ಟಲಿನಾಕಾರದ ಕೋಶಗಳು ಸುರಿಸುವ ಲೋಳೆಯನ್ನು ಸೇರಿ, ಶತ್ರುವನ್ನು ಹೊಸ್ತಿಲಲ್ಲೇ ತಡೆಯುತ್ತವೆ. ಆದರೂ ಆಮಶಂಕೆಯ ರೋಗಾಣು ಈ ಕಾವಲು ಬಾಗಿಲಿನಿಂದಲೇ ನುಸುಳುವುದುಂಟು. ಆದುದರಿಂದ ಶುದ್ಧವಾದ ನೀರೂ ತೊಳೆದ ಕೈಗಳೂ ಮೊದಲ ರಕ್ಷೆ.

ಕಾವಲುಗಾರನಿಗೂ ಕೂಳು ಬೇಕು. ‘ಎ’ ಜೀವಸತ್ತ್ವವು ಕಡಮೆಯಾದರೆ ಲೋಳೆ ಸುರಿಸುವ ಕೋಶಗಳು ಕುಗ್ಗುತ್ತವೆ, ಪ್ರತಿಕಾಯಗಳ ಬಲವೂ ಇಳಿಯುತ್ತದೆ. 1956ರಲ್ಲಿ ಕಾಮರಾಜರ ಸರಕಾರವು ಮದರಾಸು ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿದ್ದು ಹಸಿದ ಮಕ್ಕಳನ್ನು ಶಾಲೆಗೆ ತರುವುದಕ್ಕಾಗಿ. ಆ ಊಟವು ಕರುಳಿನ ಕಾವಲಿಗೂ ಸಲ್ಲುತ್ತದೆ. ನುಗ್ಗೆಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುವ ಬಾಲಕನನ್ನು ಗದರಿಸುವುದಕ್ಕಿಂತ, ಉಪಾಧ್ಯಾಯರು ಅವನಿಗೆ ಕೂನೂರಿನ ಕಪಿಗಳ ಕಥೆಯನ್ನು ಹೇಳುವುದು ಮೇಲು.