ಆರು ಮನೆ, ಐದು ಗುಂಡು

ಕೌಬಾಯ್ ಕತೆಗಳ ನಾಯಕ ಎಷ್ಟು ಬೇಗ ಪಿಸ್ತೂಲು ಸೆಳೆದ ಎನ್ನುವುದಕ್ಕಿಂತ, ಸೆಳೆಯದೇ ಇದ್ದಾಗ ಅದು ಹೇಗಿರುತ್ತಿತ್ತು ಎಂಬುದೇ ನನಗೆ ಕುತೂಹಲ.

1873ರ ಕೋಲ್ಟ್ ರಿವಾಲ್ವರಿಗೆ ಆರು ಮನೆ. ಹ್ಯಾಮರಿನ ತುದಿಯಲ್ಲೇ ಮೊಳೆಯಂಥ ಪಿನ್ನು. ಹ್ಯಾಮರ್ ಇಳಿಸಿಟ್ಟರೆ ಅದು ತೋಟಾದ ಬೆನ್ನಿಗೇ ತಾಗಿರುತ್ತಿತ್ತು. ಮೇಲೆ ಪೆಟ್ಟು ಬಿದ್ದರೆ ಟ್ರಿಗರ್ ಎಳೆಯದೆಯೂ ಗುಂಡು ಹಾರೀತು. ಹ್ಯಾಮರನ್ನು ತುಸು ಹಿಂದೆ ತಡೆಯುವ ಕಚ್ಚು ಇತ್ತು, ನಿಜ. ಜೋರು ಪೆಟ್ಟಿಗೆ ಅದೂ ಮುರಿಯಬಹುದಿತ್ತು. ಹಾಗಾಗಿ ತಿಳಿದವರು ಐದೇ ತುಂಬಿ, ಖಾಲಿ ಮನೆಯ ಮೇಲೆ ಹ್ಯಾಮರ್ ಇಳಿಸುತ್ತಿದ್ದರು.

1876ರ ಜನವರಿ, ಕ್ಯಾನ್ಸಸ್‌ನ ವಿಚಿಟಾ. ಪೊಲೀಸನಾಗಿದ್ದ ವ್ಯಾಟ್ ಅರ್ಪ್ ಮದ್ಯದಂಗಡಿಯ ಹಿಂಕೋಣೆಯಲ್ಲಿ ಕೂತಿದ್ದಾಗ ಅವನ ರಿವಾಲ್ವರ್ ಹೋಲ್‌ಸ್ಟರಿನಿಂದ ಜಾರಿ, ಕುರ್ಚಿಗೆ ಬಡಿದು ಸಿಡಿಯಿತು. ಗುಂಡು ಅವನ ಕೋಟು ತೂರಿ, ಗೋಡೆಗೆ ತಾಗಿ, ಛಾವಣಿ ದಾಟಿತು. ಕೋಣೆಯಲ್ಲಿದ್ದವರು ಎದ್ದುಬಿದ್ದು ಓಡಿದರೆಂದು ಊರ ಪತ್ರಿಕೆ ಬರೆಯಿತು. ಅವನು ತೀರಿಕೊಂಡ ಮೇಲೆ, 1931ರಲ್ಲಿ ಬಂದ ಜೀವನಚರಿತ್ರೆ ಮಾತ್ರ ಐದೇ ಗುಂಡು ತುಂಬುವ ಜಾಣ್ಮೆಯನ್ನು ಅವನ ಬಾಯಲ್ಲೇ ಹೇಳಿಸುತ್ತದೆ!

ಪರಿಹಾರ ಒಂದು ಉಕ್ಕಿನ ಪಟ್ಟಿ. ಟ್ರಿಗರ್ ಎಳೆದಾಗಷ್ಟೇ ಅದು ಮೇಲೆದ್ದು ಹ್ಯಾಮರಿನ ಏಟನ್ನು ಪಿನ್ನಿಗೆ ದಾಟಿಸುತ್ತದೆ. ಐವರ್ ಜಾನ್ಸನ್‌ನವರ ಅಗ್ಗದ ಜೇಬು ರಿವಾಲ್ವರುಗಳಲ್ಲಿ 1890ರ ದಶಕದಲ್ಲೇ ಇದು ಬಂದಿತ್ತು. ಕೌಬಾಯ್ ಮಾದರಿಯನ್ನೇ ಮಾಡುತ್ತಿದ್ದ ರೂಗರ್ ಕಂಪನಿ ಅಳವಡಿಸಿದ್ದು 1973ರಲ್ಲಿ. ಮುಂದೆ ಅದು ತನ್ನ ಹಳೆಯ ರಿವಾಲ್ವರುಗಳಿಗೂ ಪಟ್ಟಿಯನ್ನು ಪುಕ್ಕಟೆ ಹಾಕಿಕೊಡತೊಡಗಿತು.